ಹೆಬ್ಬೆಟ್ಟಿನ ತೂಕ

ಮೂವತ್ತೊಂದು ವರ್ಷ ತೂಗಿದ್ದೇನೆ ನಾನು, ಹಾಲೇಶಪ್ಪ,
ಮಂಡಿಯಲ್ಲಿ ಬೆಲ್ಲ, ಹುಣಸೆ, ಒಣಮೆಣಸು.
ಮೂಟೆ ಕಂಡರೆ ಸಾಕು, ಕಾಟಾ ಹತ್ತಿಸುವ ಮೊದಲೇ
ಕೆಜಿ ಹೇಳುತ್ತಿದ್ದೆ, ತಪ್ಪಿದರೆ ಅರ್ಧ.
ಆ ರಾತ್ರಿ ಮಾತ್ರ ಸೋತೆ:
ಹಳೇ ವಾಯಿಲ್ ಸೀರೆಯ ಹೊದಿಕೆ
ಕಾಲಿನ ಹೆಬ್ಬೆಟ್ಟಿನ ಮೇಲೆ ಕೂತಿತ್ತು,
ಎರಡು ಕ್ವಿಂಟಲ್.

ಬೆಳಗ್ಗೆ ಸರ್ವಮಂಗಳ ಹಂಡೆ ಕುದಿಸಿದಳು.
'ಹಲ್ಲು ಕಚ್ಚಿಕೊಂಡಿರಿ, ಸುರೀತೀನಿ.'
ಸುರಿದಳು.
ಬೀದಿಯ ನಾಯಿಗಳೆಲ್ಲ ಎದ್ದು ನಿಂತವಂತೆ.

ಡಾಕ್ಟರ್ ತಬಸ್ಸುಮ್ ಚೀಟಿ ನೋಡಿ
'ಒಂಬತ್ತು ಪಾಯಿಂಟ್ ಎರಡು' ಅಂದರು.
ಯೂರಿಕ್ ಆಸಿಡ್. ಮಿಲಿಗ್ರಾಂ ಲೆಕ್ಕ.
ನಗು ಬಂತು. ನಮ್ಮ ಕಾಟಾದಲ್ಲಿ ಅದು ಧೂಳು,
ಒರೆಸಿ ಬಿಸಾಡುತ್ತೇವೆ.
ಕೆಂಪು ಇಳಿಯೋ ತನಕ ಕುದಿನೀರು ಬೇಡ, ಉಜ್ಜೋದು ಬೇಡ,
ಕೂತು ಸ್ನಾನ ಮಾಡಿ, ಹೊಳೆ ಕಡೆ ಹೋಗಬೇಡಿ.
ಹೊಳೆ ವಿಷಯ ಇವರಿಗೆ ಹೇಳಿದ್ಯಾರು?
ಸರ್ವಮಂಗಳ ಸೀಲಿಂಗ್ ಫ್ಯಾನು ನೋಡುತ್ತಿದ್ದಳು.

ಹದಿನೇಳು ದಿನ ಪ್ಲಾಸ್ಟಿಕ್ ಸ್ಟೂಲು,
ಗೋಣಿತಾಟಿನ ಮೇಲೆ ಪಾದ, ಗೋಡೆಯ ಹಿಡಿಗೆ ಎಡಗೈ,
ಉಗುರುಬೆಚ್ಚಗಿನ ನಾಲ್ಕು ತಂಬಿಗೆ.
ತುಂಗೆಯಲ್ಲಿ ಎಮ್ಮೆಯ ಹಾಗೆ ಬಿದ್ದುಕೊಳ್ಳುತ್ತಿದ್ದವನಿಗೆ
ಕೂಸಿನ ಮೀಯುವಿಕೆ.

ಮಳೆಗಾಲದಲ್ಲಿ ಊರೆಲ್ಲ ಕೇಳುತ್ತದೆ, ಮಂಟಪ ಮುಳುಗಿತಾ?
ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿನ ಆ ಕಲ್ಲುಮಂಟಪ
ತಲೆ ಮುಳುಗಿಸಿದರೆ ತಗ್ಗಿನ ಮನೆಯವರು ಹಾಸಿಗೆ ಸುತ್ತುತ್ತಾರೆ.
ನನ್ನ ಹೆಬ್ಬೆಟ್ಟೂ ಅಷ್ಟೇ. ಕೆಂಪಾದರೆ
ಒಳಗೆಲ್ಲೋ ಏರುತ್ತಿದೆ ಎಂದು ಅರ್ಥ.
ಆ ಮಂಟಪ ನೋಡಲು ವರ್ಷವರ್ಷವೂ ಸೇತುವೆವರೆಗೆ ನಡೆದೆ,
ಇದನ್ನು ನೋಡಲು ಬಗ್ಗಲಿಲ್ಲ.

ಫೆಬ್ರವರಿಯಲ್ಲಿ ಹೊಳೆ ತೆಳುವಾಯಿತು,
ಬೆರಳು ಬೆರಳಿನ ಬಣ್ಣಕ್ಕೆ ಬಂತು.
ಒಬ್ಬನೇ ಹೋಗಲಿಲ್ಲ. ಕ್ಷೌರದ ಅಂಗಡಿಯ ತಿಪ್ಪೇಶಿ ಜೊತೆಗೆ;
ಅವನಿಗೆ ಈಜು ಬರುತ್ತದೆ, ಮಾತು ಅದಕ್ಕಿಂತ ಚೆನ್ನಾಗಿ.
'ಏನಣ್ಣ, ಹೊಳೆಗೆ ಬರೋನ ಕೈಲಿ ನೀರಿನ ಬಾಟ್ಲಿ!'
ಕುಡೀಬೇಕು ಕಣೋ, ಮೊದಲೂ ಆಮೇಲೂ.
ಅರ್ಧ ಅಲ್ಲೇ ಖಾಲಿ ಮಾಡಿದೆ.
ರಬ್ಬರ್ ಚಪ್ಪಲಿ ಬಿಡದೆ, ಪಾಚಿ ಇಲ್ಲದ ಮೆಟ್ಟಿಲು ಹುಡುಕಿ,
ಇಳಿಯುವಾಗ ನೊಂದ ಕಾಲು ಮೊದಲು,
ಅದಕ್ಕೂ ಒಂದು ಮರ್ಯಾದೆ.

ಮೊಣಕಾಲು. ಸೊಂಟ. ಎದೆ.
ಅಲ್ಲಿ ಯಾರೋ ನನ್ನ ತಟ್ಟೆಯಿಂದ
ತೂಕದ ಕಲ್ಲುಗಳನ್ನು ಒಂದೊಂದಾಗಿ ಎತ್ತತೊಡಗಿದರು.
ಎಂಬತ್ಮೂರು ಕೆಜಿಯ ಹಾಲೇಶಪ್ಪ ಎಷ್ಟಕ್ಕೆ ಇಳಿದ
ಹೇಳಲಾರೆ. ಮೊದಲ ಸಲ
ಕಣ್ಣಂದಾಜು ಸಿಗಲಿಲ್ಲ.

ದಡದಿಂದ ತಿಪ್ಪೇಶಿ: 'ಹತ್ತು ನಿಮಿಷ ಆಯ್ತು, ಮೇಲೆ ಬಾ!'
ಮಂಡಿಯಲ್ಲಿ ಯಾರಿಗೂ ನಾನು ಸುಮ್ಮನೆ ಕೊಟ್ಟವನಲ್ಲ.
ಆದರೂ ಕೇಳಿದೆ,
ಸ್ವಲ್ಪ ಕೊಸರು ಹಾಕೋ, ಮಾರಾಯ.