ತಾಮ್ರದ ವಾಷರ್

ಫೋನು ಬಂದಾಗ ಗ್ಯಾರೇಜಿನ ಶಟರ್ ಅರ್ಧ ಇಳಿದಿತ್ತು.
ದೊರೊನ್‌ಬೆಕ್ ಉಸ್ತಾದರು ಸೋಪಿನ ಕೈಯಲ್ಲೇ ಕಿವಿಗಿಟ್ಟುಕೊಂಡು
ಹೂಂ ಅಂದರು, ಸ್ವಲ್ಪ ಬಿಟ್ಟು ಇನ್ನೊಮ್ಮೆ ಹೂಂ,
ಆಮೇಲೆ ನನ್ನ ಮುಖ ನೋಡದೆ
'ಹಗ್ಗ ತಗೋ' ಅಂದರು.

ಬುರುಲ್ಚಾ ಟೀಚರ ಆಡಿ ಕಾರು. ನನಗಿಂತ ಹನ್ನೊಂದು ವರ್ಷ ದೊಡ್ಡದು.
ಕಾರಾ-ಬಾಲ್ಟಾದ ಅರ್ಧ ಊರಿಗೆ ಭೂಗೋಳ ಕಲಿಸಿದವರು ಅವರು,
ನನಗೂ ಕಲಿಸಿದ್ದರು, ನಾನು ಕಲಿತಿರಲಿಲ್ಲ.
ಬೆಳಗ್ಗೆಯಷ್ಟೇ ಗುಂಡಿಯ ಮೇಲೆ ನಿಲ್ಲಿಸಿ
ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ,
ಬೆಲ್ಟು ಬಿಗಿದು ಕಳಿಸಿದ್ದೆವು.
ದುಡ್ಡು ಎರಡು ಸಲ ಎಣಿಸಿ ಕೊಟ್ಟು
'ತಲಾಸ್‌ವರೆಗೆ ತಡೆಯುತ್ತಲ್ಲ?' ಅಂದಿದ್ದರು.
'ಚೀನಾವರೆಗೆ ಬೇಕಾದರೂ' ಅಂದಿದ್ದರು ಉಸ್ತಾದರು.

ಈಗ ಬೂದು ವ್ಯಾನು ಘಾಟಿ ಹತ್ತುತ್ತಿದೆ.
ಎರಡನೇ ಗೇರು, ಮೊದಲನೇ ಗೇರು.
ಏಳನೇ ತಿರುವಿನ ಹತ್ತಿರ ಉಸ್ತಾದರು ನಿಧಾನಿಸಿದರು.
ರಸ್ತೆಯ ಮೇಲೆ ಕಪ್ಪು ಹನಿ.
ಮುಂದೆ ಇನ್ನೊಂದು. ಆಮೇಲೆ ಹನಿಗಳು ಕೂಡಿ ಗೆರೆಯಾಗಿ
ನಕ್ಷೆಯಲ್ಲಿ ನದಿ ಬರೆದ ಹಾಗೆ
ಸುರಂಗದ ಬಾಯಿಯೊಳಕ್ಕೆ ಹೋಗಿತ್ತು.
ಅವರು ಏನೂ ಅನ್ನಲಿಲ್ಲ.
ಬಾಯಿ ಒಣಗಿ ನಾನು ಜೇಬಿಗೆ ಕೈ ಹಾಕಿದೆ.

ಕುರುತ್ ಇತ್ತು ಅಲ್ಲಿ, ಉಪ್ಪುಮೊಸರಿನ ಒಣ ಉಂಡೆಗಳು.
ಬೆಳಗ್ಗೆ ಗುಂಡಿಯೊಳಗೆ ಬಗ್ಗಿ ಟೀಚರೇ ಕೊಟ್ಟಿದ್ದರು:
'ಹಿಡಿ, ಮುಖ ನೋಡಿದರೆ ತಿಂಡಿ ತಿಂದಿಲ್ಲ ನೀನು.'
ಒಂದು ಕೈಯಲ್ಲಿ ಪಾನಾ, ಇನ್ನೊಂದರಲ್ಲಿ ಬೇರೇನೋ,
ಎಲ್ಲಾ ಒಟ್ಟಿಗೆ ಜೇಬಿಗೆ ತುರುಕಿ, ಬೋಲ್ಟನ್ನು
ಬರೀ ಬೆರಳಲ್ಲಿ ತಿರುಗಿಸಿಟ್ಟು
ಮೇಲೆ ಬಂದು ಚಹಾ ಕುಡಿದಿದ್ದೆ.
ಈಗ ಒಂದು ಉಂಡೆ ಸಿಕ್ಕಿತು. ಇನ್ನೊಂದು.
ಮೂರನೆಯದು ತೆಳ್ಳಗೆ, ದುಂಡಗೆ, ತಣ್ಣಗೆ,
ನಡುವೆ ತೂತು.

ಸುರಂಗ ದಾಟಿದರೆ ಸೂಸಾಮಿರ್ ಬಯಲು, ಸಂಜೆಯ ಹುಲ್ಲು, ಕುದುರೆಗಳು.
ಕುಮಿಸ್ ಮಾರುವ ಗುಡಾರದ ಮುಂದೆ
ಟೀಚರು ಬಕೆಟ್ ಮಗುಚಿ ಕೂತಿದ್ದರು.
ಬಯ್ಯುತ್ತಾರೆ ಅಂತ ಕಾದೆ. ಬಯ್ಯಲಿಲ್ಲ.
'ಕೆಂಪು ದೀಪ ಹತ್ತಿತ್ತು ದೊರೊನ್‌ಬೆಕ್, ನಾನು ನೋಡಿದೆ.
ಇವತ್ತೇ ರಿಪೇರಿ ಆಗಿದೆಯಲ್ಲ,
ದೀಪವೇ ಕೆಟ್ಟಿರಬೇಕು ಅಂದುಕೊಂಡೆ.
ಆಮೇಲೆ ಒಳಗೆ ಯಾರೋ ಬಾಗಿಲು ಒದ್ದ ಹಾಗೆ ಸದ್ದು.
ಅಷ್ಟೇ.'

ಉಸ್ತಾದರು ಟಾರ್ಚು ಹಿಡಿದು ಕಾರಿನಡಿ ತೂರಿದರು.
ಅವರ ಬೂಟು ಬಹಳ ಹೊತ್ತು ಅಲ್ಲಾಡಲಿಲ್ಲ.
ಅಲ್ಲಿ ವಾಷರ್ ಹೋಗಲಿ, ಬೋಲ್ಟೇ ಇರಲಿಲ್ಲ.
ಎದ್ದು ಮೊಣಕಾಲು ಕೊಡವಿಕೊಂಡು
'ಕಲ್ಲು ಬಡಿದಿರಬೇಕು' ಅಂದರು.
'ಇರಬಹುದು' ಅಂದರು ಟೀಚರು,
ಬಟ್ಟಲು ತುಂಬಾ ಕುಮಿಸ್ ತರಿಸಿ ನಮ್ಮಿಬ್ಬರಿಗೂ ಕೊಟ್ಟರು.
ಅಷ್ಟು ಹುಳಿ ಯಾವತ್ತೂ ಕುಡಿದಿಲ್ಲ.

ಸತ್ತ ಕಾರಿಗೂ ಒಬ್ಬ ಚಾಲಕ ಬೇಕು.
ಹಗ್ಗದ ಆ ತುದಿಗೆ ಉಸ್ತಾದರು, ಈ ತುದಿಗೆ ನಾನು,
ಪಕ್ಕದಲ್ಲಿ ಟೀಚರು, ಹಿಂದೆ ಅವರ ತಂಗಿಗೆ ಹೊರಟಿದ್ದ
ಹೊಲಿಗೆ ಯಂತ್ರ, ಕಂಬಳಿ ಸುತ್ತಿಕೊಂಡು.
ಸ್ಟೀರಿಂಗ್ ಕಲ್ಲು, ಬ್ರೇಕು ಕಲ್ಲು.
ಎಂಜಿನ್ ಇಲ್ಲದ ಕಾರಿನಲ್ಲಿ
ಒಬ್ಬರು ಎಂಜಲು ನುಂಗಿದರೂ ಇನ್ನೊಬ್ಬರಿಗೆ ಕೇಳುತ್ತದೆ.

ಸುರಂಗದೊಳಗೆ, ಕತ್ತಲಲ್ಲಿ, ಕೈ ಚಾಚಿದೆ.
ಕುರುತ್ ಅಂದುಕೊಂಡು ತಗೊಂಡರು,
ಬಾಯಿವರೆಗೂ ಒಯ್ದರು,
ತುಟಿಗೆ ತಣ್ಣಗೆ ತಗುಲಿತೇನೋ, ನಿಂತರು.
'ಏನಿದು?'
ಹೇಳಿದೆ. ಪೂರ್ತಿ ಹೇಳಿದೆ, ಚಹಾ ಕುಡಿದದ್ದನ್ನೂ.

ಸುರಂಗ ಎಷ್ಟು ಉದ್ದ ಅಂತ
ಒಮ್ಮೆ ಪರೀಕ್ಷೆಯಲ್ಲಿ ಅವರೇ ಕೇಳಿದ್ದರು,
ನಾನು ತಪ್ಪು ಬರೆದಿದ್ದೆ.
ಈಗ ಗೊತ್ತಾಯಿತು.

ಆಚೆ ಬಾಯಿಯಲ್ಲಿ ಸ್ವಲ್ಪ ಆಕಾಶ ಕಂಡಾಗ
ಗಂಟಲು ಸರಿಮಾಡಿಕೊಂಡು ಅವರು ಅಂದರು:
'ಇಳಿಜಾರು ಬಂತು. ಮುಂದೆ ನೋಡು ಹುಡುಗಾ,
ಹಗ್ಗ ಸಡಿಲಾಗ್ತಿದೆ.'