ಮುಳ್ಳು

ಗಾಜನೂರು ಹಿನ್ನೀರು. ತಕ್ಕಡಿಯ ಕೊಕ್ಕೆಗೆ
ಬಾಳೆಮೀನು: ಹನ್ನೊಂದು ಕಿಲೋ, ಬಸುರಿ.
'ಫೋಟೋ ತೆಗೆದು ಬಿಡ್ತೀನಿ,' ಅಂದ ಲಾದ್ರು.
'ನಾನು ಕೊಲ್ಲೋನಲ್ಲ.'

ಹೆಣ ಎತ್ತಲು ಮುಳುಗುವ ದಸ್ತಗೀರ್
ಇನ್ನೂ ಒದ್ದೆ. ಬೀಡಿ ಹತ್ತಲಿಲ್ಲ.
'ನೀ ಬಿಟ್ಟವನ್ನ ಕೆಳಗೆ ಕಂಡಿದೀನಿ ಮಾರಾಯ.
ತುಟಿ ಹರಿದು, ಕೆಸರಿಗೆ ಹೊಟ್ಟೆ ಊರಿ,
ಮುಖಕ್ಕೇ ಟಾರ್ಚು ಬಿಟ್ರೂ
ಕದಲಲ್ಲ.
ಹಸಿದೋನು ಹೊಡ್ಕೊಂಡು ಹೋಗಲಿ, ಅದೊಂದು ಲೆಕ್ಕ.
ಇದು ಯಾವ ಲೆಕ್ಕ?'

'ನೀನೂ ತಿಂತೀಯಲ್ಲ?'

'ತಿಂತೀನಿ. ಅದು ಏನೇನು ತಿಂದಿದೆ ಅಂತ
ಕಣ್ಣಾರೆ ಕಂಡೂ ತಿಂತೀನಿ.
ಮೊಟ್ಟೆ ಹೊತ್ತಾಗ ಮಾತ್ರ ಮುಟ್ಟಲ್ಲ.'

ಲಾದ್ರು ಚೀಲದಿಂದ ಇಕ್ಕಳ ತೆಗೆದು
ಗಾಳದ ಹಿಮ್ಮುಳ್ಳನ್ನು ಒತ್ತಿ ಒತ್ತಿ
ಚಪ್ಪಟೆ ಮಾಡುತ್ತ ಕೂತ, ಬಹಳ ಜಾಗ್ರತೆಯಿಂದ.

ತೂಕದ ಮುಳ್ಳು
ಹನ್ನೊಂದರ ಆಚೀಚೆ
ಇನ್ನೂ ನಡುಗುತ್ತಿತ್ತು.