ಎಡಗಡೆಯ ಬ್ರೇಕು

ನನ್ನ ಕಾರಿಗೆ ಬ್ರೇಕು ಎರಡು.
ಒಂದು ಕಲಿಯುವವರದು, ಒಂದು ನನ್ನದು.
ಧನಕವಡಿಯ ಗ್ಯಾರೇಜಿನ ದಸ್ತಗೀರ ಚಾಚಾ
ಕಬ್ಬಿಣದ ಸಲಾಕೆ ಬೆಸೆದು
ಎಡಗಡೆಯ ಸೀಟಿನ ಕೆಳಗೆ ಎಳೆದುಕೊಟ್ಟದ್ದು.
ಇಪ್ಪತ್ತೆರಡು ವರ್ಷದಿಂದ ನಾನು ಅರ್ಧ ಡ್ರೈವರು:
ಸ್ಟಿಯರಿಂಗಿಲ್ಲ, ಗೇರಿಲ್ಲ,
ಇರುವುದು ಒಂದು ಕಾಲು, ಒಂದು ನಾಲಿಗೆ.

ಕಾಲಿಗೆ ಭಾಷೆ ಬೇಡ. ನಾಲಿಗೆಗೆ ಎರಡು ಬೇಕು.
‘ಹಳೂ, ಹಳೂ’ ಎನ್ನುವುದು ಪಾಠ,
‘ಯಪ್ಪಾ ಶಿವನೇ’ ಎನ್ನುವುದು ನನಗೆ ನಾನೇ.
ಕ್ಲಚ್ಚು ಬಿಡುವುದೆಂದರೆ
ಮಲಗಿದ ಕೂಸಿನ ತಲೆಯಡಿಯಿಂದ
ತೋಳು ಎಳೆದುಕೊಂಡ ಹಾಗೆ
ಎಂದು ಎಷ್ಟು ಹೆಂಗಸರಿಗೆ ಹೇಳಿದೆನೋ.
ಗಂಡಸರಿಗೆ ಹೇಳಿದರೆ ತಿಳಿಯುವುದಿಲ್ಲ,
ಅವರಿಗೆ ಬೇರೆ ಹೋಲಿಕೆ.

ಪೋತನೀಸ್ ಕಾಕು ಅರವತ್ತೊಂದಕ್ಕೆ ಕಲಿಯಲು ಬಂದವರು.
ಬ್ಯಾಂಕಿನಲ್ಲಿ ನೋಟು ಎಣಿಸಿ ಎಣಿಸಿ ಚಪ್ಪಟೆಯಾದ ಹೆಬ್ಬೆರಳು.
ರಿವರ್ಸಿನಲ್ಲಿ ಕೆಡವಿದ್ದು
ಒಂದು ತುಳಸಿಯ ಕುಂಡ, ಒಂದು ಸ್ಕೂಟರಿನ ಕನ್ನಡಿ.
ಮೊನ್ನೆ ಫೋನು ಮಾಡಿದರು:
‘ಮ್ಯಾಡಂ, ಹೊಸ ಗಾಡಿ. ತಾನೇ ಓಡುತ್ತದೆ. ಅರ್ಧ.’
‘ಯಾವ ಅರ್ಧ?’ ಎಂದೆ.
‘ಅದನ್ನೇ ನೋಡೋಣ, ಬನ್ನಿ.’

ಖೇಡ್ ಶಿವಾಪುರದಲ್ಲಿ ಚಹಾ ಕುಡಿದು ಪುಣೆಯ ಕಡೆ ತಿರುಗಿದೆವು.
ಕಾಕು ಗುಂಡಿ ಒತ್ತಿದರು.
ಸ್ಟಿಯರಿಂಗು ತಾನೇ ತುಸು ಹೊರಳಿತು,
ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ.
ಬಿಳಿ ಗೆರೆ ಇದ್ದಲ್ಲಿ ಗೆರೆ ಹಿಡಿಯಿತು.
ಗೆರೆ ಅಳಿಸಿದಲ್ಲಿ
ಮುಂದಿನ ಕಬ್ಬಿನ ಟ್ರಾಕ್ಟರಿನ ಬೆನ್ನು ಹಿಡಿಯಿತು.
ಬೆನ್ನೂ ಸಿಗದಿದ್ದಾಗ ಟಿಣ್ ಟಿಣ್ ಎಂದು
ನಮ್ಮ ಮಡಿಲಿಗೆ ಹಾಕಿತು.
‘ನಮ್ಮ ಬ್ರಾಂಚಿನ ಕ್ಲಾರ್ಕನ ಹಾಗೇ,
ತಾಳೆಯಾಗದ ಲೆಕ್ಕ ಮಾತ್ರ ನನ್ನ ಮೇಜಿಗೆ’
ಎಂದರು ಕಾಕು.

ಪರದೆಯ ಮೇಲೆ ಆಗಾಗ ಎರಡು ಕೈಗಳ ಚಿತ್ರ:
ಹಿಡಿಯಿರಿ.
ನನ್ನದೇ ಮಾತು, ಇಪ್ಪತ್ತೆರಡು ವರ್ಷದ್ದು.
ಯಾಕೋ ಸಿಟ್ಟು ಬಂತು.
ನಾನು ಹೇಳುವಾಗ ಅದರಲ್ಲಿ
ಒಂದಿಷ್ಟು ಬೈಗುಳವಾದರೂ ಇರುತ್ತದೆ.

ಆಮೇಲೆ ನೋಡಿದೆ. ಕಾಕುವಿನ ಕೈ ಕೋಡುಬಳೆಯ ಡಬ್ಬಿಯಲ್ಲಿ.
ಸ್ಟಿಯರಿಂಗಿಗೆ ಸಿಕ್ಕಿಸಿದ್ದು ನೀರಿನ ಬಾಟಲಿ.
‘ಭಾರ ಇದ್ದರೆ ಸಾಕು, ಕೈ ಅಂದುಕೊಳ್ಳುತ್ತದೆ.
ಮೊಮ್ಮಗ ಹೇಳಿಕೊಟ್ಟ.’
ಕಿತ್ತು ಕಾಲಬುಡಕ್ಕೆ ಎಸೆದೆ.
ಕಾಕು ಮುಖ ಊದಿಸಿಕೊಂಡರು,
ಬೆರಳ ತುದಿಯಿಂದ ಮುಟ್ಟಿದರು, ಮಡಿಯಲ್ಲಿ ಇದ್ದವರಂತೆ.

ಸುರಂಗ ದಾಟಿದರೆ ಇಳಿಜಾರು.
ನವಲೆ ಸೇತುವೆಯ ತನಕ
ಲಾರಿಗಳು ನ್ಯೂಟ್ರಲ್ಲಿಗೆ ಬಿದ್ದು ಡೀಸೆಲ್ ಉಳಿಸುವ ಇಳಿಜಾರು.
ಅಲ್ಲಿ, ನಮ್ಮದೇ ಸಾಲಿನಲ್ಲಿ, ಎದುರಿನಿಂದ,
ಹಾಲಿನ ಕ್ಯಾನು ಕಟ್ಟಿದ ಬೈಕು.

ನನ್ನ ಕಾಲು ತುಳಿಯಿತು.
ಅಲ್ಲಿ ಬ್ರೇಕಿರಲಿಲ್ಲ, ಬಾಟಲಿಯಿತ್ತು. ಒಡೆಯಿತು.
ಆದರೂ ಗಾಡಿ ನಿಂತಿತು.

‘ನೀವು ತುಳಿದಿರಾ?’
‘ನಾನೆಲ್ಲಿಂದ? ನೀವಲ್ಲವಾ?’
ಕಾಕು ತಮ್ಮ ಪಾದ ನೋಡಿಕೊಂಡರು.
ಒಂದು ಚಪ್ಪಲಿ ಬಿಟ್ಟು ಸೀಟಿನ ಮೇಲಿತ್ತು, ಮಡಚಿ.
ಹಾಲಿನವನು ನಮ್ಮನ್ನೇ ಗುರಾಯಿಸಿ ಹೋದ.
ಬಾಟಲಿಯ ನೀರು ಹೊಸ ಮ್ಯಾಟಿನ ಮೇಲೆ
ದಾರಿ ಹುಡುಕುತ್ತಿತ್ತು.

ಆಗ ಕೇಳಿಸಿತು, ಹಿಂದಿನಿಂದ, ಉದ್ದಕ್ಕೆ, ಕಬ್ಬಿಣ ಅಳುವ ಸದ್ದು.
ಕನ್ನಡಿ ತುಂಬ ಲಾರಿಯ ಮೂತಿ,
ಕೆಎ ಇಪ್ಪತ್ತೆಂಟು.
ಅವನಿಗೆ ಯಾವ ಪರದೆಯೂ ಏನೂ ಹೇಳಿರಲಿಲ್ಲ.
ಸೀಟು ಬಿಟ್ಟು ಎದ್ದು
ಎರಡೂ ಕಾಲಲ್ಲಿ ಪೆಡಲಿನ ಮೇಲೆ ನಿಂತಿದ್ದ,
ಬಾವಿಗೆ ಇಳಿದವನು ಮೆಟ್ಟಿಲ ಮೇಲೆ ನಿಂತ ಹಾಗೆ.
ನಮಗೂ ಅವನಿಗೂ ಮಧ್ಯೆ ಒಂದು ಮೊಳ.
ಸುಟ್ಟ ಲೈನರಿನ ಘಾಟು, ಅದರೊಳಗೆ
ಕೊಲ್ಹಾಪುರದ ಬೆಲ್ಲದ ಘಮ.

ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ
ನಮ್ಮ ಮೂರು ತಲೆಮಾರು ಜಾಲಾಡಿದ,
ಅಚ್ಚ ಇಂಡಿ ತಾಲೂಕಿನ ಕನ್ನಡದಲ್ಲಿ,
ನಮ್ಮಪ್ಪ ಎತ್ತಿಗೆ ಬೈಯುತ್ತಿದ್ದ ಅದೇ ಕನ್ನಡದಲ್ಲಿ.
ಒಂದು ಮಾತೂ ತಪ್ಪದೆ ತಿಳಿಯಿತು ನನಗೆ.

‘ಏನಂತೆ?’ ಎಂದರು ಕಾಕು.

‘ಕೈ ಹಿಡಿಯಬೇಕಂತೆ,’ ಎಂದೆ.
‘ಚಪ್ಪಲಿ ಹಾಕಿಕೊಳ್ಳಿ.’